ಮಾತ್ರೆ ಮುಗಿದ ಮೇಲೆ ಯಾರ ಲೆಕ್ಕಕ್ಕೆ?

ಸಂಪಾದಕರಿಗೆ,

ಮಾನ್ಯರೆ,

ಕ್ಷಯಮುಕ್ತ ಪಂಚಾಯತ್ ಘೋಷಣೆ, ಪೌಷ್ಟಿಕ ಆಹಾರದ ಕಿಟ್ ವಿತರಣೆ ಮುಂತಾದ ಸುದ್ದಿಗಳು ಪತ್ರಿಕೆಗಳ ಕಾಸರಗೋಡು ಪುಟದಲ್ಲಿ ಈಗ ಆಗಾಗ ಕಾಣುತ್ತವೆ. ಒಳ್ಳೆಯದೇ. ಆದರೆ ಆರು ತಿಂಗಳ ಔಷಧ ಮುಗಿಸಿ, ಚೀಟಿಯಲ್ಲಿ ‘ಗುಣವಾಗಿದೆ’ ಎಂದು ಬರೆಸಿಕೊಂಡು ಬಂದ ಬೀಡಿ ಕಟ್ಟುವ ಹೆಂಗಸು ಅಥವಾ ಕೆಂಪುಕಲ್ಲಿನ ಕೋರೆಯ ಕೂಲಿಯಾಳು ಮರುದಿನದಿಂದ ಎಷ್ಟು ಹೊತ್ತು ದುಡಿಯಬಹುದು, ಯಾವ ಕೆಲಸ ಬಿಡಬೇಕು, ಬಿಟ್ಟರೆ ಹೊಟ್ಟೆಗೇನು ಎಂಬುದನ್ನು ವಿಚಾರಿಸುವವರಿಲ್ಲ. ಈ ಪ್ರಶ್ನೆಯೊಂದಿಗೆ ನೂರು ವರ್ಷಕ್ಕೂ ಹಿಂದೆ ಗುದ್ದಾಡಿದವರು ಅಮೆರಿಕದ ಯಹೂದಿ ಧರ್ಮಾರ್ಥ ಸ್ಯಾನಟೋರಿಯಂಗಳ, ಅಂದರೆ ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟು ಆರೈಕೆ ಮಾಡುತ್ತಿದ್ದ ಆಸ್ಪತ್ರೆಗಳ ಜನ. ಅವರು ಎಡವಿದ್ದೆಲ್ಲಿ, ದಾರಿ ಕಂಡುಕೊಂಡದ್ದೆಲ್ಲಿ ಎಂಬುದು ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಗೂ ಉಪಯೋಗಕ್ಕೆ ಬರುವ ವಿಷಯವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಕ್ಷಯಕ್ಕೆ ಔಷಧವಿರಲಿಲ್ಲ. ಒಣ ಗಾಳಿ, ಬಿಸಿಲು, ಎತ್ತರದ ಜಾಗ ಒಳ್ಳೆಯದೆಂದು ವೈದ್ಯರು ಹೇಳುತ್ತಿದ್ದರು. ಹಾಗಾಗಿ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿರುವ ಕೊಲೊರಾಡೊದ ಡೆನ್ವರ್ ನಗರಕ್ಕೆ ರೋಗಿಗಳು ರೈಲು ಹತ್ತಿ ಬರತೊಡಗಿದರು. ಕೈಯಲ್ಲಿ ಕಾಸಿದ್ದವರಿಗೆ ವಸತಿಗೃಹಗಳಿದ್ದವು, ಇಲ್ಲದವರಿಗೆ ಬೀದಿಯೇ ಗತಿ. ಇದನ್ನು ಕಂಡು ಆಸ್ಪತ್ರೆಗಾಗಿ ಓಡಾಡಿದವರು ಫ್ರಾನ್ಸಿಸ್ ವೈಸ್‌ಬಾರ್ಟ್ ಜೇಕಬ್ಸ್. ಅವರು 1892ರಲ್ಲಿ ತೀರಿಕೊಂಡರು. ಮರುವರ್ಷ ಕಟ್ಟಡವೇನೋ ಎದ್ದಿತು, ಆದರೆ 1893ರ ಆರ್ಥಿಕ ಕುಸಿತದಲ್ಲಿ ಬೆಳ್ಳಿ ಗಣಿಗಳನ್ನು ನಂಬಿದ್ದ ಕೊಲೊರಾಡೊ ನೆಲಕಚ್ಚಿತು. ಕಟ್ಟಡ ಆರು ವರ್ಷ ಬೀಗ ಹಾಕಿಕೊಂಡೇ ನಿಂತಿತು. ಬ್ನೈ ಬ್ರಿತ್ ಎಂಬ ಯಹೂದಿ ಸಂಘ ದೇಶದಾದ್ಯಂತ ಹಣ ಹೊಂದಿಸಿಕೊಟ್ಟ ಮೇಲೆ 1899ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಜ್ಯೂಯಿಶ್ ಆಸ್ಪತ್ರೆ ಬಾಗಿಲು ತೆರೆಯಿತು. ದುಡ್ಡು ಕೊಡಬಲ್ಲವರಿಗೆ ಒಳಗೆ ಪ್ರವೇಶವಿಲ್ಲ, ಒಳಗೆ ಬಂದವರು ದುಡ್ಡು ಕೊಡುವಂತಿಲ್ಲ ಎಂಬುದು ಅದರ ಧ್ಯೇಯ. ಯಾವ ಧರ್ಮದವರಿಗೂ ಅಡ್ಡಿಯಿರಲಿಲ್ಲ.

ಆದರೆ ನಿಯಮಗಳು ಬಿಗಿ. ರೋಗ ಆರಂಭದ ಹಂತದಲ್ಲಿದ್ದವರಿಗೆ ಮಾತ್ರ ಹಾಸಿಗೆ, ಅದೂ ಆರು ತಿಂಗಳಿಗೆ. ಬಿಡುಗಡೆಯಾದ ಮೇಲೆ ಊರಿಗೆ ಹೊರೆಯಾಗುವುದಿಲ್ಲ ಎಂಬ ಭರವಸೆಯೂ ಬೇಕು. ಲೆಕ್ಕದ ದೃಷ್ಟಿಯಿಂದ ಇದು ಸರಿಯೇ: ಹಾಸಿಗೆಗಳು ಕಡಿಮೆ, ಆರಂಭದ ರೋಗಿಗಳು ಬೇಗ ಚೇತರಿಸುತ್ತಾರೆ, ವರದಿ ಚೆನ್ನಾಗಿ ಕಾಣುತ್ತದೆ. ಆದರೆ ಮನೆಯವರಿಗೆಲ್ಲ ರೋಗ ಹಂಚುವವರು ರೋಗ ಬಲಿತವರು. ಅವರೇ ಹೊರಗೆ ಉಳಿದರು. ಆಸ್ಪತ್ರೆ ನಡೆಸುತ್ತಿದ್ದವರು ಮೊದಲೇ ಬಂದು ನೆಲೆಯೂರಿದ್ದ ಜರ್ಮನ್ ಮೂಲದ ಯಹೂದಿಗಳು, ರೋಗಿಗಳಲ್ಲಿ ಹೆಚ್ಚಿನವರು ಪೂರ್ವ ಯುರೋಪಿನಿಂದ ಹೊಸದಾಗಿ ಬಂದ, ಯಿಡ್ಡಿಷ್ ಮಾತಾಡುವ ಕೂಲಿಕಾರರು. ಮೊದಲ ವರ್ಷಗಳಲ್ಲಿ ಅಲ್ಲಿ ಕೋಷರ್, ಅಂದರೆ ಯಹೂದಿ ಧರ್ಮದ ನಿಯಮದಂತೆ ಮಾಡಿದ, ಅಡುಗೆ ಇರಲಿಲ್ಲ. ಹುಟ್ಟಿದಂದಿನಿಂದ ಒಂದು ಪದ್ಧತಿಯ ಊಟ ಮಾಡಿದವನ ಮುಂದೆ, ಜ್ವರದಿಂದ ಬಾಯಿ ಕೆಟ್ಟಿರುವಾಗ, ಅವನ ಮನಸ್ಸು ಒಪ್ಪದ ತಟ್ಟೆ ಇಟ್ಟರೆ ಅವನು ಎಷ್ಟು ತಿಂದಾನು?

ಈ ಅಸಮಾಧಾನದಿಂದಲೇ 1904ರಲ್ಲಿ ಅದೇ ಡೆನ್ವರ್‌ನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಕಟ್ಟಿದವರು ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು; ಮುಂದೆ ನಿಂತವರು ಡಾ. ಚಾರ್ಲ್ಸ್ ಸ್ಪಿವಾಕ್. ಇದರ ಹೆಸರು ಜ್ಯೂಯಿಶ್ ಕನ್ಸಂಪ್ಟಿವ್ಸ್ ರಿಲೀಫ್ ಸೊಸೈಟಿ. ಇಲ್ಲಿ ಎಲ್ಲ ಹಂತದ ರೋಗಿಗಳಿಗೂ ಜಾಗ, ಕೋಷರ್ ಅಡುಗೆ, ಯಿಡ್ಡಿಷ್ ಮಾತು. ಕಟ್ಟಡಕ್ಕೆ ದುಡ್ಡಿರಲಿಲ್ಲ, ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿದ ಗುಡಾರಗಳಲ್ಲೇ ಶುರು ಮಾಡಿದರು. ಇದು ಬಡತನದ ಉಪಾಯ ಹೌದು, ಜೊತೆಗೆ ಗಾಳಿಯಾಟದ ದೃಷ್ಟಿಯಿಂದ ಎಷ್ಟೋ ಇಟ್ಟಿಗೆ ವಾರ್ಡುಗಳಿಗಿಂತ ಮೇಲು. ದೊಡ್ಡ ದಾನಿಗಳಿಗೆ ಕಾಯದೆ ದೇಶದ ಮೂಲೆಮೂಲೆಯ ದುಡಿಯುವ ಜನರಿಂದ ಡಬ್ಬಿ ಕಾಣಿಕೆ, ಸಣ್ಣ ಚಂದಾ ಎತ್ತಿದರು. ಕ್ಯಾಂಪಸ್ ಬೆಳೆದು ತನ್ನದೇ ಹೈನುಗಾರಿಕೆ, ಕೋಳಿಸಾಕಣೆ, ಮುದ್ರಣಾಲಯ, ಪುಸ್ತಕ ಕಟ್ಟುವ ಶಾಲೆಯ ಮಟ್ಟಕ್ಕೆ ಬಂತು. ‘ಸ್ಪಿವಾಕ್’ ಹೆಸರಿನ ಸ್ವಂತ ಅಂಚೆ ಕಚೇರಿಯೂ ಇತ್ತು. ಸ್ಪಿವಾಕ್ 1927ರಲ್ಲಿ ತೀರಿಕೊಳ್ಳುವಾಗ ದೇಹವನ್ನು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಕೊಟ್ಟು, ಅಸ್ಥಿಪಂಜರ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯಕ್ಕೆ ಹೋಗಲಿ ಎಂದು ಬರೆದಿಟ್ಟಿದ್ದರು. ಮನುಷ್ಯ ಕೊನೆಯವರೆಗೂ ವ್ಯವಹಾರಸ್ಥ.

ಲಾಸ್ ಏಂಜಲಿಸ್ ಬಳಿಯ ಡುವಾರ್ಟೆಯಲ್ಲಿ 1914ರಲ್ಲಿ ಗುಡಾರಗಳಿಂದಲೇ ಶುರುವಾದ ಇನ್ನೊಂದು ಸ್ಯಾನಟೋರಿಯಂ ಇಂದು ‘ಸಿಟಿ ಆಫ್ ಹೋಪ್’ ಎಂಬ ಹೆಸರಾಂತ ಕ್ಯಾನ್ಸರ್ ಕೇಂದ್ರ. ಪೋಲೆಂಡಿನಲ್ಲಿ ವಾರ್ಸಾ ಹತ್ತಿರ 1926ರಲ್ಲಿ ತೆರೆದ ಮೆಡೆಮ್ ಸ್ಯಾನಟೋರಿಯಂ ಕ್ಷಯದ ಅಪಾಯದಲ್ಲಿದ್ದ ಬಡ ಮಕ್ಕಳದು. ಅಲ್ಲಿನ ಮಕ್ಕಳನ್ನೂ ಸಿಬ್ಬಂದಿಯನ್ನೂ 1942ರ ಆಗಸ್ಟ್‌ನಲ್ಲಿ ನಾಜಿಗಳು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಿದರು.

ಇನ್ನು ಮುಖ್ಯ ವಿಷಯ. ಸ್ಯಾನಟೋರಿಯಂನಲ್ಲಿ ತೂಕ ಹೆಚ್ಚಿಸಿಕೊಂಡು, ಜ್ವರ ಇಳಿದು, ಕೆಮ್ಮು ನಿಂತು ಹೋದವರು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮಲಗುತ್ತಿದ್ದರು. ನ್ಯೂಯಾರ್ಕಿನ ಯಹೂದಿ ವಲಸಿಗರಲ್ಲಿ ಬಹಳ ಮಂದಿ ದರ್ಜಿಗಳು. ಕ್ಷಯಕ್ಕೆ ದರ್ಜಿಗಳ ಕಾಯಿಲೆ ಎಂಬ ಅಡ್ಡಹೆಸರೇ ಇತ್ತು. ತಿಂಗಳುಗಟ್ಟಲೆ ಮಂಚದ ಮೇಲಿದ್ದ ದೇಹ ಒಂದೇ ದಿನದಲ್ಲಿ ಕಿಟಕಿಯಿಲ್ಲದ ಕೋಣೆಯ ಹತ್ತು ಗಂಟೆಯ ದುಡಿಮೆಗೆ ಮರಳುತ್ತಿತ್ತು. ಕೂಲಿ ತುಂಡು ಲೆಕ್ಕದ್ದು, ಕೈ ನಿಧಾನವಾದರೆ ಸಂಬಳವೂ ಕಡಿಮೆ, ಅದನ್ನು ಸರಿದೂಗಿಸಲು ಇನ್ನೂ ಎರಡು ಗಂಟೆ ಹೆಚ್ಚು.

ಇದಕ್ಕೆ ಉತ್ತರವಾಗಿ 1915ರಲ್ಲಿ ಬ್ರಾಂಕ್ಸ್‌ನಲ್ಲಿ ಆಲ್ಟ್ರೊ ಎಂಬ ಹೊಲಿಗೆ ಕಾರ್ಯಾಗಾರ ಆರಂಭವಾಯಿತು. ಯಹೂದಿ ಕ್ಷಯರೋಗಿಗಳ ಆರೈಕೆಯ ಸಮಿತಿ ನಡೆಸಿದ ಈ ಕಾರ್ಯಾಗಾರ ಕಸೂತಿ ಕಲಿಸಿ ಹೊತ್ತು ಕಳೆಯಿಸುವ ಜಾಗವಲ್ಲ. ನರ್ಸುಗಳ ಸಮವಸ್ತ್ರದಂತಹ ಮಾಲು ತಯಾರಿಸಿ ಮಾರುಕಟ್ಟೆಗೆ ಕೊಡುತ್ತಿದ್ದ ನಿಜವಾದ ಕಾರ್ಖಾನೆ. ಸ್ಯಾನಟೋರಿಯಂನಿಂದ ಬಂದವರು ಮೊದಲು ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡಬೇಕು. ಎಷ್ಟು ಗಂಟೆ ಎಂಬುದನ್ನು ತೀರ್ಮಾನಿಸುವವರು ಮೇಸ್ತ್ರಿಯಲ್ಲ, ವೈದ್ಯರು. ತೂಕ, ಜ್ವರ, ಎದೆಯ ತಪಾಸಣೆ ನೋಡಿ ಹಂತಹಂತವಾಗಿ ಗಂಟೆ ಏರಿಸಿ, ಪೂರ್ತಿ ದಿನ ತಡೆದುಕೊಳ್ಳುವಂತಾದ ಮೇಲೆ ಹೊರಗಿನ ಕೆಲಸಕ್ಕೆ ಬಿಡುತ್ತಿದ್ದರು. ಮುಂದೆ ಹೃದ್ರೋಗಿಗಳಿಗೂ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೂ ಇದೇ ಕ್ರಮ ವಿಸ್ತರಿಸಿತು. ಹನ್ನೆರಡನೇ ಶತಮಾನದ ಯಹೂದಿ ವಿದ್ವಾಂಸ, ವೈದ್ಯ ಮೈಮೊನಿಡೀಸ್ ದಾನದ ಎಂಟು ಮೆಟ್ಟಿಲುಗಳನ್ನು ಹೇಳುವಾಗ ಎಲ್ಲಕ್ಕಿಂತ ಮೇಲಿಟ್ಟದ್ದು, ಬಿದ್ದವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದನ್ನು. ಆಲ್ಟ್ರೊದ ಬೆನ್ನಿಗೆ ಈ ಹಳೆಯ ವಿಚಾರವಿತ್ತು.

ಹಂತಹಂತದ ದುಡಿಮೆ ಯಹೂದಿಗಳದ್ದೇ ಕಲ್ಪನೆ ಎನ್ನಲಾಗದು. ಇಂಗ್ಲೆಂಡಿನ ಫ್ರಿಮ್ಲಿಯಲ್ಲಿ ಮಾರ್ಕಸ್ ಪ್ಯಾಟರ್ಸನ್ ಅದನ್ನು ಚಿಕಿತ್ಸೆಯ ಭಾಗವಾಗಿಯೇ ಮಾಡಿದ್ದರು: ಮೊದಲು ನಡಿಗೆ, ಆಮೇಲೆ ಬುಟ್ಟಿ ಹೊರುವುದು, ಆಮೇಲೆ ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಪಿಕಾಸಿ. ಮೈಬಿಸಿ 99 ಡಿಗ್ರಿ ದಾಟಿದರೆ ಕೆಲಸ ಬಿಟ್ಟು ಮಲಗಬೇಕು. ಆಲ್ಟ್ರೊ ಮಾಡಿದ ಮುಂದಿನ ಹೆಜ್ಜೆಯೆಂದರೆ ಆ ದುಡಿಮೆಯನ್ನು ಆಸ್ಪತ್ರೆಯ ಅಂಗಳದಿಂದ ರೋಗಿ ವಾಸಿಸುವ ನಗರಕ್ಕೇ, ಅವನು ಬಲ್ಲ ಕಸುಬಿಗೇ ತಂದದ್ದು.

ಸ್ಯಾನಟೋರಿಯಂಗಳ ಯುಗ ಮುಗಿಸಿದ್ದು ಔಷಧ. 1943ರಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು, 1952ರಲ್ಲಿ ಐಸೊನಿಯಾಜಿಡ್ ಬಂತು. ಆದರೆ ಕೊನೆಯ ಮೊಳೆ ಹೊಡೆದದ್ದು ನಮ್ಮ ಮದರಾಸು. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ, ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಯಾನಟೋರಿಯಂನಲ್ಲಿ, ಉಳಿದರ್ಧ ಜನರನ್ನು ಮನೆಯಲ್ಲೇ ಇಟ್ಟು ಅದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶ: ಸ್ಯಾನಟೋರಿಯಂನಲ್ಲಿ ಶೇ 92, ಮನೆಯಲ್ಲಿ ಶೇ 86 ಜನರಿಗೆ ಗುಣ. ಹೇಳಿಕೊಳ್ಳುವ ವ್ಯತ್ಯಾಸವಲ್ಲ. ಇಕ್ಕಟ್ಟಾದ ಮನೆ, ಅರೆಹೊಟ್ಟೆ ಇದ್ದರೂ ಮಾತ್ರೆ ಕೆಲಸ ಮಾಡಿತು. ಅಲ್ಲಿಗೆ ಸ್ಯಾನಟೋರಿಯಂ ಹಾಸಿಗೆಗಳಿಗಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ. ಆಂಧ್ರದ ಗಡಿಯಲ್ಲಿ ಮದನಪಲ್ಲಿ ಬಳಿ ಡ್ಯಾನಿಷ್ ವೈದ್ಯ ಫ್ರಿಮೊಡ್ಟ್ ಮೊಲ್ಲರ್ ಕಟ್ಟಿದ ಆರೋಗ್ಯವರಂ ಸ್ಯಾನಟೋರಿಯಂ, ಗಡಿ ಕನ್ನಡಿಗರಿಗೂ ಪರಿಚಿತವಾಗಿದ್ದ ಹೆಸರು, ಆ ಸ್ಯಾನಟೋರಿಯಂ ಕಾಲದ ಗುರುತು.

ಈ ಗೆಲುವಿನಲ್ಲಿ ಒಂದು ಕಳೆದುಹೋಯಿತು. ಮನೆ ಚಿಕಿತ್ಸೆ ಸಾಕು ಎಂಬ ಸರಿಯಾದ ತೀರ್ಮಾನದಿಂದ, ಊಟ, ವಿಶ್ರಾಂತಿ, ಕೆಲಸಕ್ಕೆ ಮರಳಿಸುವ ವ್ಯವಸ್ಥೆ ಯಾವುದೂ ಬೇಡ ಎಂಬ ತಪ್ಪು ತೀರ್ಮಾನಕ್ಕೆ ಜಾರಿದೆವು. ರೋಗಾಣು ಸಾಯುವುದು ಬೇರೆ, ಮನುಷ್ಯ ಮೊದಲಿನಂತಾಗುವುದು ಬೇರೆ. ಆ ಅಧ್ಯಯನದಲ್ಲೇ ಸ್ಯಾನಟೋರಿಯಂನವರ ತೂಕ ಹೆಚ್ಚು ಏರಿತ್ತು, ಮುಂದೆ ಅದಕ್ಕೆ ಹೆಚ್ಚು ಮಹತ್ವ ಸಿಗಲಿಲ್ಲ. ಊಟದ ಪ್ರಶ್ನೆ ಮತ್ತೆ ಮುನ್ನೆಲೆಗೆ ಬರಲು 2023 ಬೇಕಾಯಿತು. ಅದೂ ನಮ್ಮ ಪಕ್ಕದ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರಿಂದ. ಜಾರ್ಖಂಡಿನಲ್ಲಿ ಅವರು ನಡೆಸಿದ ಅಧ್ಯಯನದಲ್ಲಿ ಪ್ರತಿ ರೋಗಿಗೆ ತಿಂಗಳಿಗೆ 5 ಕಿಲೋ ಅಕ್ಕಿ, 3 ಕಿಲೋ ಬೇಳೆಕಾಳು, ಒಂದೂವರೆ ಕಿಲೋ ಹಾಲಿನ ಪುಡಿ, ಅರ್ಧ ಲೀಟರ್ ಎಣ್ಣೆ ಕೊಟ್ಟರು, ಅಂದರೆ ದಿನಕ್ಕೆ ಸುಮಾರು 1200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್. ಮನೆಮಂದಿಗೂ ರೇಷನ್ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಬಹಳ ಕಡಿಮೆ ಇತ್ತು. 36 ಕಿಲೋದ ಹೆಂಗಸಿಗೆ ಅದು ಎರಡು ಕಿಲೋಗೂ ಕಡಿಮೆ.

ಕಿಟ್ ಕೊಡುವವರು ಇದನ್ನು ಗಮನಿಸಬೇಕು. ಫೋಟೊ ತೆಗೆಸಿ ಕೊಡುವ ಚೀಲದಲ್ಲಿ ಹಾರ್ಲಿಕ್ಸ್, ಬಿಸ್ಕತ್ತು, ಸಕ್ಕರೆ ಇದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. ಕೇರಳದ ಕ್ಷಯರೋಗಿಗಳಲ್ಲಿ ಸಕ್ಕರೆ ಕಾಯಿಲೆಯವರೂ ಬಹಳ, ಅವರಿಗಂತೂ ಅದು ತೊಂದರೆಯೇ. ನಮ್ಮೂರಿನ ಊಟದಲ್ಲೇ ಲೆಕ್ಕ ಹಾಕಿ: ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನ್, 100 ಗ್ರಾಂ ಬೂತಾಯಿಯಲ್ಲಿ ಹೆಚ್ಚುಕಡಿಮೆ 20, ಒಂದು ಹಿಡಿ ಅಂದರೆ 50 ಗ್ರಾಂ ಹುರುಳಿಯಲ್ಲಿ 11, ಒಂದು ಲೋಟ ಹಾಲಿನಲ್ಲಿ 6. ಕುಚ್ಚಲಕ್ಕಿ ಗಂಜಿಯ ಮೇಲೆ ಇಷ್ಟು ಬಿದ್ದರೆ ಸಾಕು. ಮೀನಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ, ಇದನ್ನು ಹೇಳುವವರು ಕಡಿಮೆ. ಬಂಗುಡೆ, ಬೂತಾಯಿ ತಾಜಾ ಇರಬೇಕು. ಐಸಿಲ್ಲದೆ ಹೊತ್ತು ಕಳೆದ ಇಂತಹ ಮೀನಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟಾಗುತ್ತದೆ, ಬೇಯಿಸಿದರೂ ಹೋಗದು. ಅದನ್ನು ದೇಹ ಕರಗಿಸಿಕೊಳ್ಳುವುದಕ್ಕೆ ಐಸೊನಿಯಾಜಿಡ್ ಮಾತ್ರೆ ಅಡ್ಡಿ ಮಾಡುವುದರಿಂದ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳಬಹುದು. ರೋಗಿ ಇದನ್ನು ‘ಮಾತ್ರೆ ಮೈಗೆ ಹಿಡಿಯುವುದಿಲ್ಲ’ ಎಂದುಕೊಂಡು ಔಷಧ ಬಿಡುತ್ತಾನೆ. ಹಾಗೆಯೇ, ಹಳೆಯ ಸ್ಯಾನಟೋರಿಯಂಗಳಲ್ಲಿ ಹಸಿ ಮೊಟ್ಟೆ, ಹಾಲನ್ನು ಗಂಟಲಿಗೆ ತುರುಕುವ ಚಟವಿತ್ತು. ಎಲುಬು ಬಿಟ್ಟುಕೊಂಡ ರೋಗಿಗೆ ಒಮ್ಮೆಲೇ ಬಡಿಸಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಅಂಥವರಿಗೆ ಮೊದಲ ವಾರ ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವೇ ಏರಿಸಬೇಕು.

ಸರಕಾರ ಕೊಡುವ ಪೋಷಣೆಯ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾಗಿ 2024ರ ನವೆಂಬರ್‌ನಿಂದ 1000 ಆಗಿದೆ. ಔಷಧ ಮುಗಿಯುವಾಗ ಹಣವೂ ನಿಲ್ಲುತ್ತದೆ. ಗಡಿಯವರಿಗೆ ಇನ್ನೊಂದು ತೊಡಕು: ನಮ್ಮಲ್ಲಿ ಅನೇಕರು ಕಾಯಿಲೆ ತೋರಿಸುವುದು ಮಂಗಳೂರಿನಲ್ಲಿ. ಅಲ್ಲಿ ಪತ್ತೆಯಾದರೆ ಹೆಸರು ಕರ್ನಾಟಕದ ಲೆಕ್ಕದಲ್ಲಿ, ಕ್ಷಯರೋಗಿಗಳ ದಾಖಲೆ ಇಡುವ ಸರಕಾರದ ನಿಕ್ಷಯ್ ಪೋರ್ಟಲ್‌ಗೆ ಸೇರುತ್ತದೆ. ಆ ಐಡಿಯನ್ನು ಕಾಸರಗೋಡಿನ ನಿಮ್ಮ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬೇಕೇ ಹೊರತು ಹೊಸ ಐಡಿ ಮಾಡಿಸಬಾರದು. ಎರಡೆರಡು ದಾಖಲೆಯಾದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ, ಮನೆಮಂದಿಯ ತಪಾಸಣೆ ಎರಡೂ ಕಡೆಯವರ ಕೈತಪ್ಪುತ್ತದೆ. ಮಂಗಳೂರಿನಿಂದ ಹೊರಡುವ ಮೊದಲು ಐಡಿ ಸಂಖ್ಯೆ, ಕಫ ಪರೀಕ್ಷೆಯ ವರದಿ, ಎಕ್ಸ್‌ರೇ ಕೇಳಿ ಪಡೆಯಿರಿ.

ಔಷಧದ ನಂತರ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ರೋಗಿಯನ್ನು ನೋಡಬೇಕೆಂದು ರಾಷ್ಟ್ರೀಯ ಕಾರ್ಯಕ್ರಮದ ನಿಯಮವೇ ಇದೆ. ಈ ನಾಲ್ಕು ಭೇಟಿಗಳಿಗೆ ದುಡಿಮೆಯ ತಪಾಸಣೆಯನ್ನೂ ಕಟ್ಟಿದರೆ ಆಲ್ಟ್ರೊದ ಅರ್ಧ ಕೆಲಸ ಖರ್ಚಿಲ್ಲದೆ ಆಗುತ್ತದೆ. ಬೇಕಾದದ್ದು ತೂಕದ ಯಂತ್ರ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಒಂದು ಗಡಿಯಾರ, 30 ಮೀಟರ್ ನೇರ ಜಾಗ. ಎರಡು ತುದಿಗೆ ಕುರ್ಚಿ ಇಟ್ಟು ಆರು ನಿಮಿಷ ತಮ್ಮ ಶಕ್ತಿಯಷ್ಟು ನಡೆಯಲು ಹೇಳಿ. ನಡೆದ ದೂರ, ಮೊದಲಿನ ಮತ್ತು ಕೊನೆಯ ಆಮ್ಲಜನಕದ ಅಂಕಿ ಬರೆದಿಡಿ. ಶಾಲೆಯ ಜಗಲಿ 20 ಮೀಟರ್ ಮಾತ್ರ ಇದ್ದರೂ ಚಿಂತೆಯಿಲ್ಲ, ಪ್ರತಿ ಸಲವೂ ಅದೇ ಜಗಲಿ ಆಗಿರಬೇಕು, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ಬೆರಳಿಗೆ ಗಾಢ ಮದರಂಗಿಯೋ ಉಗುರುಬಣ್ಣವೋ ಇದ್ದರೆ, ಕೈ ತಣ್ಣಗಿದ್ದರೆ ಯಂತ್ರ ತಪ್ಪು ತೋರಿಸಬಹುದು. ಬೇರೆ ಬೆರಳು ನೋಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. ನಡೆದಾಗ ಅಂಕಿ 4 ಅಥವಾ ಹೆಚ್ಚು ಕೆಳಗಿಳಿದರೆ ಆ ಎದೆ ಇನ್ನೂ ಭಾರದ ಕೆಲಸಕ್ಕೆ ಸಿದ್ಧವಿಲ್ಲ; ಎದೆರೋಗ ತಜ್ಞರಿಗೆ ತೋರಿಸಬೇಕು. ಐದಡಿ ಎತ್ತರದವರ ತೂಕ ಕನಿಷ್ಠ 43 ಕಿಲೋ ಮುಟ್ಟುವವರೆಗೆ ಪೂರ್ತಿ ದುಡಿಮೆ ಬೇಡ.

ಗಂಟೆ ಏರಿಸುವ ಕ್ರಮ ಹೀಗಿರಬಹುದು. ಮೊದಲ ಎರಡು ವಾರ ಬೆಳಗ್ಗಿನ ಹೊತ್ತು ಎರಡು ಗಂಟೆ. ಆಮೇಲೆ ಎರಡು ವಾರಕ್ಕೊಂದು ಗಂಟೆ ಹೆಚ್ಚಿಸಿ, ನಾಲ್ಕು ಗಂಟೆಯಾದಾಗ ನಡುವೆ ಮಧ್ಯಾಹ್ನದ ಮಲಗುವ ಹೊತ್ತು ಸೇರಿಸಿ ಎರಡು ಪಾಳಿ ಮಾಡಿ. ಹೆಚ್ಚುಕಡಿಮೆ ಎರಡು ತಿಂಗಳಿಗೆ ಆರು ಗಂಟೆ. ಅಲ್ಲಿಯೇ ನಿಲ್ಲಿಸಿ, ಆರು ತಿಂಗಳ ತಪಾಸಣೆ ನೋಡಿ ಮುಂದಿನ ಮಾತು. ಸಂಜೆ ಜ್ವರ, ಹದಿನೈದು ದಿನದಲ್ಲಿ ಒಂದು ಕಿಲೋ ಇಳಿತ, ಕುಳಿತು ಹತ್ತು ನಿಮಿಷವಾದರೂ ಆರದ ಏದುಸಿರು ಕಂಡರೆ ಹಿಂದಿನ ಹಂತಕ್ಕೆ ಇಳಿಸಿ ವೈದ್ಯರಿಗೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ ಹಂತದ ಮಾತೇ ಇಲ್ಲ, ಅಂದೇ ಆಸ್ಪತ್ರೆಗೆ. ಅದು ರೋಗ ಮರುಕಳಿಸಿದ್ದೂ ಆಗಿರಬಹುದು, ಶ್ವಾಸಕೋಶದಲ್ಲಿ ಉಳಿದ ಹಳೆಯ ಕುಳಿಯಲ್ಲಿ ಬೆಳೆದ ಶಿಲೀಂಧ್ರವೂ ಇರಬಹುದು, ಶ್ವಾಸನಾಳ ಹಿಗ್ಗಿದ್ದೂ ಇರಬಹುದು. ಕಫ ಪರೀಕ್ಷೆಯಿಲ್ಲದೆ ಮತ್ತೆ ಕ್ಷಯದ ಮಾತ್ರೆ ಶುರು ಮಾಡುವುದು ನಮ್ಮಲ್ಲಿ ಸಾಮಾನ್ಯ ತಪ್ಪು.

ಕಸುಬಿನ ಆಯ್ಕೆಯಲ್ಲಿ ನಯವಾಗಿ ಮಾತಾಡಿ ಫಲವಿಲ್ಲ. ಕಲ್ಲಿನ ಕೋರೆಯ ಯಂತ್ರದ ಧೂಳಿಗೆ ಮರಳಬಾರದು. ಬೀಡಿ ಕಟ್ಟುವುದನ್ನು ಬಿಡುವುದು ಒಳ್ಳೆಯದು. ಬೇರೆ ದಾರಿಯೇ ಇಲ್ಲವೆಂದಾದರೆ ಒಳಕೋಣೆ ಬಿಟ್ಟು ತೆರೆದ ಜಗಲಿಯಲ್ಲಿ ಕುಳಿತು, ತಂಬಾಕಿನ ಚೀಲವನ್ನು ಮಲಗುವ ಕೋಣೆಯಿಂದ ದೂರ ಇಟ್ಟು, ದಿನಕ್ಕೆ ಸಾವಿರ ಕಟ್ಟುತ್ತಿದ್ದವರು ಇನ್ನೂರೈವತ್ತರಿಂದ ಶುರು ಮಾಡಬೇಕು. ತುಂಡು ಕೂಲಿಯ ಅಪಾಯ ನ್ಯೂಯಾರ್ಕಿನ ದರ್ಜಿಗೂ ಪೈವಳಿಕೆಯ ಬೀಡಿ ಕಾರ್ಮಿಕಳಿಗೂ ಒಂದೇ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಮಿಕನಿಗೆ ಕ್ಷಯ ಬಂದರೆ ಸಂಬಳದ ಶೇ 80ರಷ್ಟನ್ನು ಎರಡು ವರ್ಷದವರೆಗೆ ಕೊಡುವ ವಿಸ್ತರಿತ ಸೌಲಭ್ಯವಿದೆ. ಮನೆಯಲ್ಲಿ ಕೂತು ಕಟ್ಟುವವರಿಗೆ ಅದು ಸಾಮಾನ್ಯವಾಗಿ ತಲುಪುವುದಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಆಧಾರವಾಗಿದ್ದ ಸೆಸ್ ಜಿಎಸ್‌ಟಿಯ ಕಾಲಕ್ಕೆ, 2017ರಲ್ಲಿ ರದ್ದಾಯಿತು.

ಆದ್ದರಿಂದ ಪಂಚಾಯತ್‌ಗಳಿಗೆ ನಮ್ಮ ಸಲಹೆ: ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೊಲಿಗೆ, ಕಾಗದದ ಚೀಲ, ಊಟ ತಯಾರಿಕೆಯ ಘಟಕಗಳಲ್ಲಿ ಒಂದೆರಡು ಸ್ಥಾನಗಳನ್ನು ಔಷಧ ಮುಗಿಸಿದವರಿಗಾಗಿ ಮೀಸಲಿಡಲಿ. ಸಂಬಳ ಗಂಟೆಯ ಲೆಕ್ಕದಲ್ಲಿರಲಿ, ತುಂಡು ಲೆಕ್ಕ ಬೇಡ. ಪೂರ್ತಿ ದಿನದ ಕೂಲಿಗೂ ದುಡಿದ ಗಂಟೆಗೂ ಇರುವ ಅಂತರವನ್ನು, ಈಗ ಕಿಟ್ ಕೊಡುತ್ತಿರುವ ನಿಕ್ಷಯ್ ಮಿತ್ರ ದಾನಿಗಳು ಆರು ತಿಂಗಳು ತುಂಬಿಕೊಡಲಿ. ಊಟ ತಯಾರಿಸುವ ಕಡೆ ಕ್ಷಯ ಇದ್ದವರನ್ನು ಸೇರಿಸಿಕೊಳ್ಳಲು ಹಿಂಜರಿಯುವವರಿದ್ದಾರೆ. ಚಿಕಿತ್ಸೆ ಪೂರ್ಣಗೊಂಡು ಕಫದಲ್ಲಿ ರೋಗಾಣು ಇಲ್ಲವೆಂದಾದವರಿಂದ ಸೋಂಕು ಹರಡುವುದಿಲ್ಲ, ಪಾತ್ರೆ ಊಟದಿಂದ ಕ್ಷಯ ಬರುವುದೂ ಇಲ್ಲ; ಇದನ್ನು ವೈದ್ಯಾಧಿಕಾರಿಗಳೇ ಘಟಕಕ್ಕೆ ಬಂದು ಹೇಳುವಂತಾಗಬೇಕು. ಮತ್ತೆ, ಮೇಲಿನ ಗಂಟೆಗಳ ಪಟ್ಟಿ, ಎಚ್ಚರಿಕೆಯ ಲಕ್ಷಣಗಳು ಇವೆಲ್ಲ ರೋಗಿಯ ಕೈಗೆ ಹೋಗುವ ಕಾರ್ಡಿನ ಒಂದು ಬದಿಯಲ್ಲಿ ಮಲಯಾಳದಲ್ಲೂ ಇನ್ನೊಂದು ಬದಿಯಲ್ಲಿ ಕನ್ನಡದಲ್ಲೂ ಅಚ್ಚಾಗಬೇಕು. ಮಂಜೇಶ್ವರ ತಾಲೂಕಿನಲ್ಲಿ ಮಲಯಾಳ ಓದಲು ಬಾರದ ಹಿರಿಯರು ಕಡಿಮೆಯಿಲ್ಲ. ಓದು ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋದಾಗ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿ, ರೋಗಿಯ ಬಾಯಿಂದಲೇ ಒಮ್ಮೆ ಹೇಳಿಸಿಕೊಂಡು ಕಾರ್ಡಿನಲ್ಲಿ ತಾರೀಕು ಹಾಕಿ ಬರಲಿ.

ಇತಿ,
ಕ್ಷಯರೋಗಿಗಳ ಆರೈಕೆಯಲ್ಲಿ ಕೆಲಸ ಮಾಡಿದ ಇಬ್ಬರು ಓದುಗರು,
ಬದಿಯಡ್ಕ, ಕಾಸರಗೋಡು ಜಿಲ್ಲೆ